ಮಾವ ನುಂಗದ ಮದ್ದು

ಡಾಕ್ಟರು ಕೊಟ್ಟ ಮದ್ದಿನ ನೀರನ್ನು ನುಂಗದೆ ನಮ್ಮ ಮಾವ ತಲೆಯೆತ್ತಿ ಗಂಟಲಲ್ಲಿ ಗಳಗಳ ಮುಕ್ಕಳಿಸತೊಡಗಿದರು. ಅರವತ್ತರ ದಶಕದ ಮದ್ರಾಸು. ಅದು ಕುತ್ತಿಗೆಯ ಥೈರಾಯ್ಡ್ ಕಾಯಿಲೆಗೆ ಕೊಡುವ ವಿಕಿರಣದ ಅಯೋಡಿನ್. ತಮಿಳು ಡಾಕ್ಟರು ಗಾಬರಿಯಾಗಿ "ಮುಳುಂಗುಂಗ ಸಾರ್!" ಎಂದು ಕೂಗಿದ ಮೇಲೆಯೇ ನುಂಗಿದರು.

"ಎಂತ ಮಾರಾಯಾ, ಕಾಯಿಲೆ ಕುತ್ತಿಗೆಯಲ್ಲಿ, ಮದ್ದು ಹೊಟ್ಟೆಗೆ ಹೋಯ್ತಲ್ಲಾ!" ಎಂದು ಜೊತೆಗೆ ಹೋಗಿದ್ದ ನನ್ನ ಮೇಲೆ ರೇಗಿದರು.

ಅದು ತಾನಾಗಿಯೇ ಕುತ್ತಿಗೆಗೆ ಹೋಗುತ್ತದೆ ಎಂದರು ಡಾಕ್ಟರು. ಪುರಸೈವಾಕ್ಕಂನಲ್ಲಿ ಹೋಟೆಲ್ ನಡೆಸುತ್ತಿದ್ದ ಮಾವ ನಕ್ಕುಬಿಟ್ಟರು: "ಮೂರು ಸಲ ಹೇಳಿದ್ರೂ ನಮ್ಮ ಸಪ್ಲೈಯರ್ ಸರಿಯಾದ ಟೇಬಲ್ಲಿಗೆ ಹೋಗುದಿಲ್ಲ. ಈ ನೀರು ಹೋಗ್ತದಾ?"

ಮರುದಿನ ಮದ್ದಿನ ವಿಕಿರಣ ಅಳೆಯುವ ಯಂತ್ರ ತೊಡೆಯ ಬಳಿ ಹೆಚ್ಚುಕಡಿಮೆ ಸುಮ್ಮನಿತ್ತು; ಕುತ್ತಿಗೆಯ ಬಳಿ ಹಿಡಿದದ್ದೇ ಟಕಟಕ ಬಡಿದುಕೊಂಡಿತು.

ಮಾವ ಗುಣವಾದರು. ಆಮೇಲೆ ದೋಸೆ ತಪ್ಪು ಟೇಬಲ್ಲಿಗೆ ಹೋದರೆ ಅವರು ಸಪ್ಲೈಯರನ್ನು ಬೈಯುತ್ತಿರಲಿಲ್ಲ, ಸುಮ್ಮನೆ ತಮ್ಮ ಕುತ್ತಿಗೆ ತೋರಿಸುತ್ತಿದ್ದರು.