ಹಟ್ಟಿಕೇರಿ ಪಾಂಡುವಿನ ಗಂಡಸುತನ

ಹಟ್ಟಿಕೇರಿಯ ಪಾಂಡುವಿನಷ್ಟು ಮರ್ಯಾದಸ್ತ ಗಂಡಸು ಈ ಸೀಮೆಯಲ್ಲೇ ಇಲ್ಲ ಎನ್ನುತ್ತಾಳೆ ಅವನ ಹೆಂಡತಿ ಬೊಮ್ಮಿ. ಹೇಳುವಾಗ ಅವಳ ಮೋರೆ ನೋಡಬೇಕು. ಗುಪ್ತಾಂಗದ ತುದಿಯಲ್ಲಿ ಎದ್ದ ಹುಣ್ಣನ್ನು ಆ ಮರ್ಯಾದಸ್ತ ಒಂದೂವರೆ ವರ್ಷ ಲುಂಗಿಯೊಳಗೇ ಸಾಕಿದ. ಗಾರೆ ಕೆಲಸಕ್ಕೆ ಹೋದ ಅರ್ಗಾದಲ್ಲಿ ಯಾರೋ ಪಂಡಿತ ಕೊಟ್ಟ ಸೊಪ್ಪಿನ ರಸ ಹಚ್ಚಿಕೊಂಡ. ಹೆಂಡತಿಗೆ ಹೇಳಲಿಲ್ಲ. ಲುಂಗಿ ತೊಳೆಯುವವಳಿಗೆ ಹೇಳುವುದೇನು ಬಂತು, ಮಣ್ಣು! ರಕ್ತ, ಕೀವು, ಆ ನಾತ. ಅವಳೇ ರಟ್ಟೆ ಹಿಡಿದು ಕಾರವಾರದ ಬಸ್ಸು ಹತ್ತಿಸಿದಳು.

ಅಷ್ಟರಲ್ಲಿ ತೊಡೆಸಂದಿಯಲ್ಲೂ ಲಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಇದು ಅಪರೂಪದ ಕ್ಯಾನ್ಸರು, ಒಂದೇ ಮದ್ದಿಗೆ ಬಗ್ಗುವುದಿಲ್ಲ ಎಂದರು ಡಾಕ್ಟರಮ್ಮ ಭಾರತಿ. ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿಸಬೇಕು, ಕುಗ್ಗಿದ ಮೇಲೆ ತಡ ಮಾಡದೆ ಆಪರೇಷನ್, ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಡುವುದು. ಮೂರೂ ಸೇರಿದರೆ ಆಸೆಯಿದೆ, ನಡುವೆ ಬಿಟ್ಟರೆ ಇಲ್ಲ.

ನಾಲ್ಕು ಸಲ ಕೀಮೋ ಆಯಿತು. ಕೂದಲು ಹೋಯಿತು, ಕುಡಿದ ಗಂಜಿ ವಾಪಸು ಬಂತು, ಗಂಟು ಕಡಲೆಯಷ್ಟಾಯಿತು. ಸಾಕಲ್ಲ, ಪಾಂಡು ತಾನೇ ಡಾಕ್ಟರನಾಗಿಬಿಟ್ಟ. ಗುಣವಾಯ್ತು, ಇನ್ನು ಕತ್ತರಿ ಎಂತಕ್ಕೆ ಎಂದು ಜಗಲಿಯಲ್ಲಿ ಕಾಲು ಚಾಚಿದ. ಆಪರೇಷನ್ನಿನ ದಿನ ಗದ್ದೆಗೆ ಗೊಬ್ಬರ ಹಾಕಬೇಕು ಎಂದ. ಮತ್ತೆ ಕೊಟ್ಟ ದಿನ ನೆಂಟರ ಮನೆ ಎಂದ. ಹೀಗೇ ಎರಡು ತಿಂಗಳು ಕಳೆಯಿತು, ಗಂಟೂ ಹುಣ್ಣೂ ಮತ್ತೆ ಬೆಳೆದವು. ಬೊಮ್ಮಿ ಕೆದಕಿ ಕೆದಕಿ ಕೇಳಿದ ಮೇಲೆ ನಿಜ ಹೊರಬಿತ್ತು. ಆಪರೇಷನ್ ಆದರೆ ಕೂತೇ ಉಚ್ಚೆ ಹೊಯ್ಯಬೇಕು ಎಂದು ಅರ್ಗಾದ ಅದೇ ಸೊಪ್ಪಿನ ಪಂಡಿತ ಹೇಳಿದ್ದನಂತೆ. ನಾಲ್ಕು ಗಂಡಸರ ಎದುರು ಹೆಂಗಸಿನ ಹಾಗೆ ಕೂರುವುದಕ್ಕಿಂತ ಸಾಯುವುದೇ ವಾಸಿಯಂತೆ.

ಬೊಮ್ಮಿಗೆ ಅಳು ಬಂತು, ತೋರಿಸಲಿಲ್ಲ. ತೋರಿಸುವಷ್ಟು ಯೋಗ್ಯತೆ ಎದುರಿಗಿದ್ದ ಮುಖಕ್ಕೆ ಇರಲಿಲ್ಲ.

“ನಾ ಹುಟ್ಟಿದಾಗಿಂದ ಕೂತೇ ಮಾಡ್ದೋಳು. ನಿನ್ನ ಮೂರು ಮಕ್ಕಳ ಹೆತ್ತೆ, ಗದ್ದೆ ನೆಟ್ಟೆ, ನಿನ್ನ ಕೀವಿನ ಲುಂಗಿ ತೊಳೆದೆ. ನಂಗೆಂತ ಕಡಿಮೆ ಆಯ್ತು?”

ಮಾರನೇ ಬೆಳಿಗ್ಗೆ ಪಾಂಡು ಅವಳ ಹಿಂದೆ ಬಸ್ಸು ಹತ್ತಿದ. ಡಾಕ್ಟರಮ್ಮ ಗಂಟು ಒತ್ತಿ ನೋಡಿದರು, ಹುಣ್ಣು ನೋಡಿದರು. ಬೈಯಲಿಲ್ಲ.

“ಹೇಳಿದ ದಿನ ಬಂದಿದ್ದರೆ ತುದಿ ಮಾತ್ರ ತೆಗೆಯುತ್ತಿದ್ದೆವು, ಪಾಂಡು. ನಿಂತೇ ಮಾಡಬಹುದಿತ್ತು. ಈಗ ಪೂರ್ತಿ ತೆಗೆಯಬೇಕು.”

ಅಷ್ಟು ದೊಡ್ಡ ಗಂಡಸು, ನಿಂತು ಮಾಡಬಹುದೇ ಎಂಬ ಅದೊಂದು ಮಾತನ್ನು ಡಾಕ್ಟರಮ್ಮನಲ್ಲಿ ಕೇಳಿಯೇ ಇರಲಿಲ್ಲ, ನಾಚಿಕೆಯಂತೆ. ಬೊಮ್ಮಿ ದಾರಿಯುದ್ದಕ್ಕೂ ಕೂಡಿಟ್ಟುಕೊಂಡಿದ್ದ ಬೈಗುಳ ಬಿಟ್ಟು ಆಪರೇಷನ್ನಿನ ದಿನ ಕೇಳಿಕೊಂಡಳು.

ಆಪರೇಷನ್ ಆಯಿತು, ಕರೆಂಟೂ ನಡೆದಿದೆ. ಪಾಂಡು ಬದುಕಿದ್ದಾನೆ, ಕೂತು ಮಾಡುತ್ತಾನೆ. ಊರವರು ಕೇಳಿದರೆ ಹರ್ನಿಯಾ ಎನ್ನುತ್ತಾನೆ.