ಸದ್ದು ತಗ್ಗಿದ ಎಂಜಿನ್

ಎಣ್ಣೆ ಕಡಿಮೆ ಕುಡಿಯುವ ವಿಮಾನ ಎಂದು ಕೇಳಿದಾಗಲೇ ನನ್ನ ಎದೆ ಧಸಕ್ಕೆಂದಿತ್ತು. ಸೀಮೆಎಣ್ಣೆ ಉಳಿಸಲು ಸ್ಟೋವಿನ ಉರಿ ಸಣ್ಣದು ಮಾಡಿದರೆ ಬೇಳೆಯೇ ಬೇಯುವುದಿಲ್ಲ. ಅಷ್ಟೊಂದು ಜನರನ್ನು ಹೊತ್ತು ಸಮುದ್ರ ದಾಟುವಾಗ ಇದೆಂಥ ಜಿಪುಣತನ?

ನನ್ನ ಗಂಡ ನಾಸಿಕ್ ಹತ್ತಿರದ ಕಾರ್ಖಾನೆಯಲ್ಲಿ ಯುದ್ಧವಿಮಾನಗಳ ಎಂಜಿನ್ ಓಡಿಸಿ ಪರೀಕ್ಷಿಸುತ್ತಿದ್ದರು. ಆ ಅಬ್ಬರ ಕೇಳಿ ಕೇಳಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ಲಂಡನ್ನಿನಲ್ಲಿದ್ದ ಇವರ ಅಣ್ಣ ಮಗಳ ಮದುವೆಗೆಂದು ಟಿಕೆಟ್ ಕಳಿಸಿದರು. ನಮ್ಮ ಪುಟ್ಟ ಮಗಳನ್ನು ಮಾತ್ರ ಕರೆದೊಯ್ಯುವುದಿಲ್ಲ ಎಂದು ನಾನು ಹಟ ಹಿಡಿದೆ. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿನಲ್ಲಿ ನನ್ನ ತವರು. ಅಲ್ಲಿ ಅವಳನ್ನು ಬಿಟ್ಟೂ ಬಂದೆ. ಬಿದ್ದರೆ ನಾವಿಬ್ಬರೇ ಬೀಳೋಣ, ಅವಳಾದರೂ ಉಳಿಯಲಿ.

ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹುಚ್ಚಿ, ಆ ಎಂಜಿನ್ನಿಗಿ ಮುಂದ ದೊಡ್ಡ ಫ್ಯಾನ್ ಇರ್ತದ. ಭಾಳಷ್ಟು ಗಾಳಿ ಬೆಂಕ್ಯಾಗ ಹೋಗಂಗೇ ಇಲ್ಲ, ಸುತ್ತ ಹಾದು ಹಿಂದ ಹೋಗ್ತದ. ಅದೇ ಗಾಳಿ ವಿಮಾನ ನೂಕ್ತದ. ಅದಕ್ಕೇ ಎಣ್ಣಿ ಕಮ್ಮಿ, ಸದ್ದೂ ಕಮ್ಮಿ."

"ನಡುದಾರ್ಯಾಗ ಆರಿ ಹೋದ್ರ ಏನ್ ಮಾಡ್ತೀರಿ?"

"ನಾಲ್ಕು ಎಂಜಿನ್ ಅವ. ನಾ ಇದ್ದೀನಲ್ಲ, ಯಾಕ ಅಂಜ್ತಿ?"

ಆ ಮಾತಿಗೆ ಮರುಳಾಗಿ ಮತ್ತೆ ಬಸ್ ಹತ್ತಿ ಹೋಗಿ ಮಗಳನ್ನು ಕರೆತಂದೆ. ಅವ್ವ ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ, ನನ್ನ ಮುಖ ನೋಡದೆ ಒಳಗೆ ಹೋದಳು.

ಮುಂಬೈ ನಿಲ್ದಾಣದಲ್ಲಿ ಎಂಜಿನ್ನಿನ ಬಾಯಿ ಕಂಡೆ. ಅದರೊಳಗೆ ನಮ್ಮ ಅಡುಗೆಮನೆಯೇ ಹಿಡಿಸುತ್ತಿತ್ತು. ವಿಮಾನ ಏರುವಾಗ ಕಣ್ಣು ಬಿಡಲಿಲ್ಲ. ಮಗಳು ನಮ್ಮಿಬ್ಬರ ನಡುವೆ ನಿದ್ದೆಹೋಗಿದ್ದಳು. ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಮೊರೆತ ಇದ್ದಕ್ಕಿದ್ದಂತೆ ತಗ್ಗಿತು. ಕಣ್ಣು ಬಿಟ್ಟು ಇವರ ಕಡೆ ತಿರುಗಿದೆ. ಇವರ ಮುಖದಲ್ಲಿ ಬೆವರಿಳಿಯುತ್ತಿತ್ತು. ಇವರ ಕಾರ್ಖಾನೆಯಲ್ಲಿ ಸದ್ದು ಹೀಗೆ ಕುಸಿಯಿತೆಂದರೆ ಎಂಜಿನ್ ಸತ್ತಿತೆಂದೇ ಅರ್ಥ.

ಕೂಗಿ ಮಾತಾಡುವ ಮನುಷ್ಯ ಪಿಸುಗುಟ್ಟಿದರು. "ಕೂಸಿಗಿ ಬಿಟ್ಟು ಬರಬೇಕಿತ್ತು."

ಅಲ್ಲಿಯವರೆಗಿನ ನನ್ನ ಹೆದರಿಕೆ ಹೆದರಿಕೆಯೇ ಅಲ್ಲ. ಇಬ್ಬರೂ ಅವಳ ಒಂದೊಂದು ಕೈ ಹಿಡಿದು ಕೂತೆವು.

ಗಗನಸಖಿ ನಗುತ್ತ ಬಂದು ನೀರು ಕೊಟ್ಟಳು. ಗ್ಲಾಸಿನಲ್ಲಿ ನೀರು ಅಲುಗಲಿಲ್ಲ. ವಿಮಾನ ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಮೇಲೇರಿದ ಮೇಲೆ ಎಂಜಿನ್ನಿನ ಜೋರು ತಗ್ಗಿಸುತ್ತಾರಂತೆ, ಅಷ್ಟೇ. ಇವರಿಗೆ ಜೀವ ಬಂತು.

"ನಾ ಹೇಳಿದ್ದಿಲ್ಲೇನು, ಸದ್ದು ಕಮ್ಮಿ ಅಂತ?" ಎಂದು ಮತ್ತೆ ಕೂಗಿದರು.

"ಹೇಳಿದ್ರಿ" ಎಂದೆ.

ಆದರೆ ಲಂಡನ್ ಬರುವವರೆಗೂ ಇವರು ಮಗಳ ಕೈ ಬಿಡಲಿಲ್ಲ.