ಬರ್ರಿ ಎಂಬ ಪಾಸ್‌ವರ್ಡ್

ಮೊನ್ನೆ ಮಂಗಳವಾರ ಮಧ್ಯಾಹ್ನ, ನನ್ನ ಕಣ್ಣೆದುರೇ, ನನ್ನ ಅಂಕಣದಿಂದ ಒಂದು 'ಅಲ್ಲ' ಮಾಯವಾಯಿತು.

ನಾನು ಕೀಬೋರ್ಡ್ ಮುಟ್ಟಿರಲಿಲ್ಲ. ಚಹಾ ಕುಡಿಯುತ್ತಿದ್ದೆ. ಸ್ಕ್ರೀನಿನ ಮೇಲೆ ಮೌಸಿನ ಬಾಣ ತಾನಾಗಿಯೇ ಎದ್ದು, 'ನಮ್ಮ ಭಾವನವರು ಉಂಡ ತಾಟನ್ನೂ ಎತ್ತಿಡುವವರಲ್ಲ' ಎಂಬ ಸಾಲಿನ ಕೊನೆಗೆ ಹೋಗಿ ನಿಂತಿತು. ಬಾಲ ಅಳಿಸಿತು. ಈಗ ಭಾವನವರು ಉಂಡ ತಾಟನ್ನೂ 'ಎತ್ತಿಡುವವರು' ಆದರು.

ದೆವ್ವವೇ? ಬೈಲಹೊಂಗಲದಲ್ಲಿ, ಹಾಡಹಗಲೇ, ಅದೂ ವ್ಯಾಕರಣ ಬಲ್ಲ ದೆವ್ವ? (ಇದ್ದರೆ ನಮ್ಮ ಕಾಲೇಜಿಗೆ ಬರಲಿ. ಕನ್ನಡ ವಿಭಾಗದಲ್ಲಿ ಹುದ್ದೆ ಖಾಲಿ ಇದೆ.)

ಭಾವನವರೆಂದರೆ ನಮ್ಮವರ ಅಣ್ಣ. ನಿವೃತ್ತ ಹೆಡ್‌ಮಾಸ್ತರು, ರಾಮದುರ್ಗದಲ್ಲಿ ವಾಸ. ಅನುಮಾನ ಬಂದು ಫೋನ್ ಹಚ್ಚಿದೆ.

"ಭಾವಾರ, ನನ್ನ ಕಂಪ್ಯೂಟರದಾಗ ನೀವ ಅದೀರೇನ್ರಿ?"

"ಹೂನವಾ, ಇಲ್ಲೇ ಅದೇನಿ," ಎಂದರು, ನಮ್ಮ ಪಡಸಾಲೆಯಲ್ಲೇ ಕೂತವರಂತೆ. "ನೀ ಬರದದ್ದು ಒಂದೀಟು ತಿದ್ದಾಕ ಹತ್ತೇನಿ."

"ಎಷ್ಟ ದಿನಾ ಆತ್ರಿ?"

"ದೀಪಾವಳಿಯಿಂದ."

ಆಗಿದ್ದಿಷ್ಟು. ದೀಪಾವಳಿಯ ಹೊತ್ತಿಗೆ ನನ್ನ ಕಂಪ್ಯೂಟರಿನ ಕನ್ನಡ ಅಕ್ಷರಗಳೆಲ್ಲ ಖಾಲಿ ಚೌಕಗಳಾಗಿದ್ದವು. ಭಾವನವರು "ಇಲ್ಲಿಂದನ ಸರಿ ಮಾಡತೇನಿ" ಎಂದು ರಿಮೋಟ್ ಡೆಸ್ಕ್‌ಟಾಪ್ ಹಾಕಿಸಿದರು. ಎಲ್ಲೋ ಕೂತು ಇನ್ನೊಬ್ಬರ ಕಂಪ್ಯೂಟರ್ ಆಡಿಸುವ ಸಾಫ್ಟ್‌ವೇರ್ ಅದು. "ಪಾಸ್‌ವರ್ಡ್ ಏನ ಇಡೂಣವಾ?" ಎಂದು ಅವರು ಫೋನಿನಲ್ಲಿ ಕೇಳುವುದಕ್ಕೂ ಪಕ್ಕದ ಮನೆಯಾಕೆ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. "ಬರ್ರಿ, ಬರ್ರಿ" ಎಂದೆ. ಭಾವನವರು ಅದನ್ನೇ ಇಟ್ಟರು.

ಅಕ್ಷರಗಳು ಸರಿಯಾದವು. ಮುಗಿದ ಮೇಲೆ ಅವರು "ಬರ್ತೇನವಾ" ಎಂದರು. "ಹೂಂ, ಬರ್ರಿ" ಎಂದೆ. ಮತ್ತೇನು ಅನ್ನಲಿ? ನಮ್ಮಲ್ಲಿ ಹೋಗುವವರು 'ಹೋಗ್ತೇನಿ' ಅನ್ನುವುದಿಲ್ಲ, ಕಳಿಸುವವರು 'ಹೋಗ್ರಿ' ಅನ್ನುವುದಿಲ್ಲ. ಭಾವನವರು ಮಾತಿಗೆ ತಪ್ಪದ ಮನುಷ್ಯ. ಬರ್ತೇನಿ ಅಂದರು, ಬಂದರು. ದಿನಾ ಬಂದರು.

ಹೋದ ತಿಂಗಳು ನೇಸರಗಿಯ ಓದುಗರೊಬ್ಬರು ಫೋನ್ ಮಾಡಿ, "ಮೇಡಂ, ಇತ್ತಿತ್ಲಾಗ ನಿಮ್ಮ ಬರಹ ಭಾಳ ಸಪ್ಪಗ ಆಗೇತ್ರಿ. ಉಪ್ಪಿಲ್ಲ, ಖಾರಿಲ್ಲ" ಎಂದಿದ್ದರು. ನನಗೇ ವಯಸ್ಸಾಯಿತೆಂದುಕೊಂಡೆ. ಅತ್ತೆಯೂ ಹಾಗೇ ಅಂದಿದ್ದರು. ಅಂಕಣ ನಿಲ್ಲಿಸುತ್ತೇನೆಂದು ಸಂಪಾದಕರಿಗೆ ಪತ್ರ ಬರೆದಿಟ್ಟಿದ್ದೆ. (ಅಚ್ಚಾದದ್ದನ್ನು ನೀವೇ ಓದುವುದಿಲ್ಲವೇ ಎಂದು ಕೇಳಬೇಡಿ. ಅಡುಗೆ ಮಾಡಿದವರಿಗೆ ಉಣ್ಣುವ ಹಸಿವು ಇರುವುದಿಲ್ಲ.) ನಾನು ಚಹಾಕ್ಕೆ ಎದ್ದಾಗಲೆಲ್ಲ ಭಾವನವರು ಖಾರ ತೆಗೆಯುತ್ತಿದ್ದರು!

"ಭಾವಾರ, ಅದು ನನ್ನ ಬರಹ ಐತ್ರಿ."

"ನಿಂದ ಐತಿ, ಯಾರ ಬ್ಯಾಡ ಅಂದ್ರು? ಆದ್ರ ಮನಿ ಮಾತು ಪೇಪರಿನ್ಯಾಗ ಯಾಕವಾ? ಮತ್ತ ಹ್ವಾದ ಪಂಚಮಿಗಿ ನಾ ತಾಟು ಎತ್ತೇನಿ."

ಕಂಪ್ಯೂಟರ್ ಹೊತ್ತು ಪೇಟೆಯ ರಿಪೇರಿ ಅಂಗಡಿಯ ಈರಣ್ಣನವರ ಹತ್ತಿರ ಹೋದೆ. ಅವರು ಸೆಟ್ಟಿಂಗ್ಸ್ ತೆರೆದರು. ಮೂರು ಆಯ್ಕೆಗಳಿದ್ದವು. ಪಾಸ್‌ವರ್ಡ್ ಗೊತ್ತಿದ್ದರೆ ಯಾರಾದರೂ ಬರಬಹುದು. ಪಟ್ಟಿಯಲ್ಲಿದ್ದವರು ಮಾತ್ರ ಬರಬಹುದು. ಅಥವಾ ಪ್ರತಿ ಸಲ ಕೇಳಿಯೇ ಬರಬೇಕು. ನನ್ನ ಟಿಕ್ಕು ಮೊದಲನೆಯದಕ್ಕಿತ್ತು. ಸೊಸೆಯಾಗಿ ಹೊಸ್ತಿಲು ದಾಟಿದ ದಿನವೇ ನಮಗೆಲ್ಲ ಯಾರೋ ಈ ಟಿಕ್ಕು ಹಾಕಿಬಿಟ್ಟಿರುತ್ತಾರೆ, ಅಲ್ಲವೇ?

ಬಂದುಹೋದವರ ದಾಖಲೆಯೂ ಇತ್ತು. ಈರಣ್ಣನವರು ಕನ್ನಡಕ ಏರಿಸಿದರು. "ಮೇಡಂ, ರಾಮದುರ್ಗದವ್ರು ದಿನಾ ಬಂದಾರ. ಇನ್ನೊಬ್ರು ಅದಾರ್ರಿ. ಅವರೂ ದಿನಾ."

ಬಗ್ಗಿ ನೋಡಿದೆ. ನಮ್ಮವರ ಲ್ಯಾಪ್‌ಟಾಪ್! ಪಾಸ್‌ವರ್ಡ್ ಅಣ್ಣನೇ ಕೊಟ್ಟಿರಬೇಕು. ನನ್ನ ಕೋಣೆಗೂ ಅವರು ಕೂರುವ ಪಡಸಾಲೆಗೂ ನಡುವೆ ಇರುವುದು ಒಂದೇ ಗೋಡೆ.

ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚು ನೋವಾಯಿತು.

"ಯಾರನ್ನ ಇಡೂಣ್ರಿ, ಯಾರನ್ನ ತಗಿಯೂಣ್ರಿ?" ಎಂದರು ಈರಣ್ಣ. ಬಂದವರಿಗೆಲ್ಲ ನೀರು ಬೆಲ್ಲ ಕೊಟ್ಟು ಬೆಳೆದವಳಿಗೆ ಇದೆಂಥ ಪ್ರಶ್ನೆ?

"ಎಲ್ಲಾರನೂ ತಗೀರಿ. ಕೇಳೇ ಬರ್ಲಿ."

ಪಾಸ್‌ವರ್ಡನ್ನೂ ಬದಲಿಸಿದೆ. (ಏನೆಂದು ಇಲ್ಲಿ ಬರೆಯುವುದಿಲ್ಲ. ಭಾವನವರು ಪೇಪರ್ ತರಿಸುತ್ತಾರೆ.)

ಭಾನುವಾರ ಬೆಳಿಗ್ಗೆ ಬರೆಯಲು ಕೂತೆ. ಐದೇ ನಿಮಿಷ. ಸ್ಕ್ರೀನಿನ ಮೂಲೆಯಲ್ಲಿ ಪುಟ್ಟ ಕಿಟಕಿ ತೆರೆದುಕೊಂಡಿತು. ಅದರಲ್ಲಿ ನಮ್ಮವರ ಹೆಸರು. ಕೆಳಗೆ ಎರಡು ಬಟನ್. ಒಳಗೆ ಬಿಡಬೇಕೇ? ಬೇಡವೇ?

'ಬೇಡ' ಒತ್ತಿದೆ.

ಪಡಸಾಲೆಯಲ್ಲಿ ಕುರ್ಚಿ ಸರಿದ ಸದ್ದು. ಬಂದು ಬಾಗಿಲಲ್ಲಿ ನಿಂತರು.

"ನಾನೂ ಹೊರಗಿನವನ ಆದ್ನೇನು?"

"ಹೊರಗಿನವರು ಕೇಳೇ ಬರ್ತಾರ್ರಿ. ಕೇಳದ ಬರೂದು ಮನಿ ಮಂದಿನ."

"ನಾ ಏನೂ ಅಳಿಸಿಲ್ಲಲ್ಲ. ಬರೇ ಓದೀನಿ."

"ನಿಮ್ಮ ಅಣ್ಣಾರು ಅಳಸೂದನ್ನೂ ಓದೀರಲ್ಲ?"

ಅವರು ನೆಲ ನೋಡಿದರು, ಫ್ಯಾನು ನೋಡಿದರು. ಕಾಲು ಮಾತ್ರ ಹೊಸ್ತಿಲ ಆಚೆಗೇ ಇತ್ತು. ಕೊನೆಗೆ ಮೆಲ್ಲಗೆ ಕೇಳಿದರು, "ಹಂಗಾದ್ರ... ಒಳಗ ಬರಲೇನು?"

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ ಯಾರೋ ನನ್ನನ್ನು ಕೇಳಿದ ಪ್ರಶ್ನೆ. ಉತ್ತರ ಕೊಡಲು ಬೇಕಂತಲೇ ತಡ ಮಾಡಿದೆ.